ಸೀರೆಗಳ ಲೆಕ್ಕವಿಟ್ಟ ನಾವು ಎಕರೆಗಳ ಲೆಕ್ಕ ಮರೆತದ್ದೇಕೆ?

2014ರ ಸೆಪ್ಟೆಂಬರ್ 27ರಂದು ಬೆಂಗಳೂರಿನ ಪರಪ್ಪನ ಅಗ್ರಹಾರದಲ್ಲಿ ಕಲಾಪ ನಡೆಸಿದ ವಿಶೇಷ ನ್ಯಾಯಾಲಯವು ಆಗಿನ ತಮಿಳುನಾಡು ಮುಖ್ಯಮಂತ್ರಿ ಜೆ. ಜಯಲಲಿತಾರಿಗೆ ನಾಲ್ಕು ವರ್ಷಗಳ ಸೆರೆವಾಸ ಮತ್ತು 100 ಕೋಟಿ ರೂಪಾಯಿ ದಂಡ ವಿಧಿಸಿತು. ಅಧಿಕಾರದಲ್ಲಿರುವಾಗಲೇ ಶಿಕ್ಷೆಗೊಳಗಾಗಿ ಹುದ್ದೆ ಕಳೆದುಕೊಂಡ ದೇಶದ ಮೊದಲ ಮುಖ್ಯಮಂತ್ರಿ ಆಕೆ. 1991ರಿಂದ 96ರ ವರೆಗಿನ ತನ್ನ ಮೊದಲ ಆಡಳಿತಾವಧಿಯಲ್ಲಿ ಆದಾಯಕ್ಕೆ ಮೀರಿ 66.65 ಕೋಟಿ ರೂಪಾಯಿಗಳ ಆಸ್ತಿ ಸಂಪಾದಿಸಿದರೆಂಬುದು ಆರೋಪ. ತಮಿಳುನಾಡಿನಲ್ಲಿ ನಿಷ್ಪಕ್ಷ ವಿಚಾರಣೆ ಸಾಧ್ಯವಿಲ್ಲವೆಂದು ಸುಪ್ರೀಮ್ ಕೋರ್ಟು 2003ರಲ್ಲಿ ಮೊಕದ್ದಮೆಯನ್ನು ನಮ್ಮ ರಾಜ್ಯಕ್ಕೆ ವರ್ಗಾಯಿಸಿತ್ತು. 2015ರಲ್ಲಿ ಕರ್ನಾಟಕ ಹೈಕೋರ್ಟು ಎಲ್ಲರನ್ನೂ ಖುಲಾಸೆಗೊಳಿಸಿತು. 2017ರ ಫೆಬ್ರವರಿಯಲ್ಲಿ ಸುಪ್ರೀಮ್ ಕೋರ್ಟು ಆ ಖುಲಾಸೆಯನ್ನು ರದ್ದುಪಡಿಸಿ ವಿಶೇಷ ನ್ಯಾಯಾಲಯದ ತೀರ್ಪನ್ನು ಎತ್ತಿ ಹಿಡಿಯಿತು. ಅಷ್ಟರಲ್ಲಿ ಜಯಲಲಿತಾ ನಿಧನರಾಗಿದ್ದುದರಿಂದ ಅವರ ಮೇಲಿನ ಪ್ರಕರಣ ಅಲ್ಲಿಗೇ ನಿಂತಿತು, ಉಳಿದ ಮೂವರು ಜೈಲಿಗೆ ಹೋದರು.

ಈ ವಿವರಗಳಲ್ಲಿ ಜನರ ನೆನಪಿನಲ್ಲಿ ಉಳಿದಿರುವುದೆಷ್ಟು? ಅವರ ಮನೆಯಲ್ಲಿ ದೊರೆತ ಸೀರೆಗಳು ಮತ್ತು ಚಪ್ಪಲಿಗಳು ಮಾತ್ರ. ಹಲವಾರು ಸಂಸ್ಥೆಗಳ ಹೆಸರಿನಲ್ಲಿ ಖರೀದಿಸಲಾದ ನೂರಾರು ಎಕರೆ ಜಮೀನಿನ ಬಗ್ಗೆ, ಆ ಹಣ ಯಾವ ದಾರಿಯಿಂದ ಬಂದು ಯಾವ ಖಾತೆಗೆ ಸೇರಿತೆಂಬುದರ ಬಗ್ಗೆ ನ್ಯಾಯಾಲಯವು ನೂರಾರು ಪುಟಗಳಲ್ಲಿ ಬರೆಯಿತು. ಚಹಾ ಅಂಗಡಿಯಲ್ಲಿ ನಡೆದ ಚರ್ಚೆ ಮಾತ್ರ ಸೀರೆಗಳ ಸಂಖ್ಯೆಯ ಸುತ್ತಲೇ ಸುತ್ತಿತು. ಫಿಲಿಪೈನ್ಸ್‌ನ ಕಥೆಯೂ ಇದೇ. 1986ರಲ್ಲಿ ಜನರು ದಂಗೆಯೆದ್ದು ಸರ್ವಾಧಿಕಾರಿ ಫರ್ಡಿನಾಂಡ್ ಮಾರ್ಕೋಸ್‌ನನ್ನು ಓಡಿಸಿದಾಗ ಅರಮನೆಯಲ್ಲಿ ಆತನ ಪತ್ನಿ ಇಮೆಲ್ಡಾಳ ಸಾವಿರಕ್ಕೂ ಅಧಿಕ ಜೊತೆ ಪಾದರಕ್ಷೆಗಳು ಸಿಕ್ಕಿದವು. ಆ ಕುಟುಂಬವು ದೋಚಿದ ಸಂಪತ್ತನ್ನು 500 ಕೋಟಿಯಿಂದ 1000 ಕೋಟಿ ಡಾಲರ್‌ಗಳೆಂದು ಅಂದಾಜಿಸಲಾಗಿದೆ. ಸ್ವಿಸ್ ಬ್ಯಾಂಕುಗಳಲ್ಲಿದ್ದ 65 ಕೋಟಿಗೂ ಅಧಿಕ ಡಾಲರ್‌ಗಳನ್ನು ಮುಟ್ಟುಗೋಲು ಹಾಕಿಕೊಳ್ಳುವಂತೆ ಅಲ್ಲಿಯ ಸುಪ್ರೀಮ್ ಕೋರ್ಟು 2003ರಲ್ಲಿ ತೀರ್ಪಿತ್ತಿತು. ಆದರೆ ಇಪ್ಪತ್ತು ವರ್ಷ ಆಳಿದ ಪುರುಷನ ಲೂಟಿಗೆ ಜಗತ್ತು ಆರಿಸಿಕೊಂಡ ಗುರುತು ಆತನ ಪತ್ನಿಯ ಚಪ್ಪಲಿ!

ಇನ್ನು ನಮ್ಮ ರಾಜ್ಯದ್ದೇ ಇನ್ನೊಂದು ಚಿತ್ರವನ್ನು ಎದುರಿಗಿಟ್ಟುಕೊಳ್ಳೋಣ. 2011ರ ಜುಲೈಯಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ಕುರಿತ ವರದಿ ಸಲ್ಲಿಸಿದರು. ಬೊಕ್ಕಸಕ್ಕಾದ ನಷ್ಟವನ್ನು 16 ಸಾವಿರ ಕೋಟಿ ರೂಪಾಯಿಗಳಿಗೂ ಅಧಿಕವೆಂದು ಅದರಲ್ಲಿ ಅಂದಾಜಿಸಲಾಗಿತ್ತು. ಆ ವರದಿಯಲ್ಲಿ ಹೆಸರಿಸಲ್ಪಟ್ಟ ರಾಜಕಾರಣಿಗಳಲ್ಲಿ ಬಹುತೇಕ ಎಲ್ಲರೂ ಪುರುಷರೇ. ಅವರ ಅಂಗಿಗಳೆಷ್ಟು, ಬೂಟುಗಳೆಷ್ಟು ಎಂದು ಯಾರಾದರೂ ಎಣಿಸಿದರೇ? ಅವರ ತಪ್ಪಿನಿಂದ ‘ಗಂಡಸರೇ ಹೀಗೆ, ಇವರ ಕೈಗೆ ಅಧಿಕಾರ ಕೊಡಬಾರದು’ ಎಂಬ ತೀರ್ಮಾನಕ್ಕೆ ಯಾರಾದರೂ ಬಂದರೇ? ಪುರುಷ ಕದ್ದರೆ ಅದು ರಾಜಕೀಯ, ಮಹಿಳೆ ಕದ್ದರೆ ಅದು ಹೆಣ್ಣಿನ ಆಸೆ. ‘ಹೆಣ್ಣು, ಹೊನ್ನು, ಮಣ್ಣು’ ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಅಭ್ಯಾಸವಾದ ನಾಲಗೆಗೆ ಇದರಲ್ಲಿ ಏನೂ ತಪ್ಪು ಕಾಣಿಸುವುದಿಲ್ಲ.

ಜಯಲಲಿತಾ ನಿರ್ದೋಷಿಯೆಂದು ವಾದಿಸುವುದು ನಮ್ಮ ಉದ್ದೇಶವಲ್ಲ. ಸುಪ್ರೀಮ್ ಕೋರ್ಟಿನ ತೀರ್ಪು ನಮ್ಮ ಮುಂದಿದೆ. ನಮ್ಮ ಪ್ರಶ್ನೆ ಇರುವುದು ನೋಡುವ ಕಣ್ಣಿನ ಬಗ್ಗೆ.

ಈ ಕಣ್ಣಿಗೆ ಇನ್ನೊಂದು ಮುಖವೂ ಇದೆ, ಅದು ಮೇಲ್ನೋಟಕ್ಕೆ ಹೆಣ್ಣಿಗೆ ಗೌರವ ಕೊಡುವಂತೆ ತೋರುತ್ತದೆ. ಹೆಣ್ಣು ತಾಯಿ, ಆಕೆ ಸ್ವಭಾವತಃ ಶುದ್ಧಳು, ಆದ್ದರಿಂದ ಅಧಿಕಾರ ಆಕೆಯ ಕೈಗೆ ಬಂದರೆ ಭ್ರಷ್ಟಾಚಾರ ತಾನಾಗಿ ಅಳಿಯುವುದು ಎಂಬ ವಾದ ಅದು. ಪೆರು ದೇಶದ ರಾಜಧಾನಿ ಲಿಮಾದಲ್ಲಿ 1990ರ ದಶಕದ ಕೊನೆಯಲ್ಲಿ ಸಂಚಾರಿ ಪೊಲೀಸ್ ವಿಭಾಗಕ್ಕೆ ದೊಡ್ಡ ಸಂಖ್ಯೆಯಲ್ಲಿ ಮಹಿಳೆಯರನ್ನು ನೇಮಿಸಿದ್ದು ಇದೇ ನಂಬಿಕೆಯಿಂದ. 1999ರಲ್ಲಿ ವಿಶ್ವಬ್ಯಾಂಕಿನ ಸಂಶೋಧಕರು ಅನೇಕ ದೇಶಗಳ ಅಂಕಿಅಂಶಗಳನ್ನು ಹೋಲಿಸಿ, ಸಂಸತ್ತಿನಲ್ಲಿ ಮಹಿಳೆಯರು ಹೆಚ್ಚಿರುವಲ್ಲಿ ಭ್ರಷ್ಟಾಚಾರ ಕಡಿಮೆಯಿದೆಯೆಂದು ಬರೆದಾಗ ಈ ವಾದಕ್ಕೆ ರೆಕ್ಕೆ ಮೂಡಿತು. ಆದರೆ ಕೆಲವೇ ವರ್ಷಗಳಲ್ಲಿ ಬೇರೆ ಸಂಶೋಧಕರು ಅದನ್ನೇ ತಿರುಗಿಸಿ ಕೇಳಿದರು: ಮಹಿಳೆಯರಿಂದಾಗಿ ವ್ಯವಸ್ಥೆ ಶುದ್ಧವಾಯಿತೋ, ಅಥವಾ ಪತ್ರಿಕೆಗಳು ಸ್ವತಂತ್ರವಾಗಿರುವ, ನ್ಯಾಯಾಲಯ ಗಟ್ಟಿಯಾಗಿರುವ ಕಡೆ ಭ್ರಷ್ಟಾಚಾರವೂ ಕಡಿಮೆಯಿದ್ದು ಮಹಿಳೆಯರಿಗೂ ಅವಕಾಶ ಸಿಕ್ಕಿತೋ? 2009ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಆಸ್ಟ್ರೇಲಿಯಾ, ಭಾರತ, ಇಂಡೋನೇಷ್ಯಾ ಮತ್ತು ಸಿಂಗಾಪುರಗಳಲ್ಲಿ ಲಂಚದ ಕುರಿತು ಪ್ರಯೋಗ ನಡೆಸಿತು. ಆಸ್ಟ್ರೇಲಿಯಾದಲ್ಲಿ ಮಹಿಳೆಯರು ಲಂಚವನ್ನು ಪುರುಷರಿಗಿಂತ ಕಡಿಮೆ ಸಹಿಸುತ್ತಿದ್ದರು. ಭಾರತವೂ ಸೇರಿ ಉಳಿದ ಮೂರು ದೇಶಗಳಲ್ಲಿ ಗಂಡು-ಹೆಣ್ಣಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಲಂಚದ ಪ್ರಲೋಭನೆ ಹೆಣ್ಣು-ಗಂಡೆಂದು ನೋಡಿ ಬರುವುದಿಲ್ಲವೆಂಬುದನ್ನು ನಾವು ನಮ್ಮ ಊರಿನ ಕಚೇರಿಗಳಲ್ಲೇ ಕಂಡಿದ್ದೇವೆ, ಅದಕ್ಕೆ ಪ್ರಯೋಗ ಬೇಕಾಗಿಲ್ಲ.

ಈ ಹೊಗಳಿಕೆಯಲ್ಲೇ ಅಪಾಯ ಅಡಗಿದೆ. ಪುರುಷನಿಂದ ಪ್ರಾಮಾಣಿಕತೆಯನ್ನು ನಿರೀಕ್ಷಿಸದ ಸಮಾಜವು ಮಹಿಳೆಯಿಂದ ಪಾವಿತ್ರ್ಯವನ್ನೇ ನಿರೀಕ್ಷಿಸುತ್ತದೆ. ಆತ ತಪ್ಪಿದರೆ ‘ಎಲ್ಲರೂ ತಿನ್ನುತ್ತಾರೆ, ಇವರು ಕೆಲಸವನ್ನಾದರೂ ಮಾಡುತ್ತಾರೆ’ ಎಂದು ಮುಂದಿನ ಚುನಾವಣೆಯಲ್ಲಿ ಮತ್ತೆ ಗೆಲ್ಲಿಸುತ್ತದೆ. ಆಕೆ ತಪ್ಪಿದರೆ ಇಡೀ ಸ್ತ್ರೀಕುಲವೇ ಕಟಕಟೆಯಲ್ಲಿ ನಿಲ್ಲುತ್ತದೆ. ಆಕೆ ತಪ್ಪದಿದ್ದರೆ?

ಆ ಪ್ರಶ್ನೆಗೆ ನಮ್ಮ ದೇಶದ ಹಳ್ಳಿಗಳಿಂದಲೇ ಒಂದು ಉತ್ತರ ಬಂದಿದೆ. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆಯು 2000ನೇ ಇಸವಿಯಲ್ಲಿ ದೇಶದ ಹಲವು ರಾಜ್ಯಗಳ ಹಳ್ಳಿಗಳಲ್ಲಿ ಸಾರ್ವಜನಿಕ ಸೌಲಭ್ಯಗಳ ಕುರಿತು ಸಮೀಕ್ಷೆ ನಡೆಸಿತ್ತು. ಮುಂದೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಸ್ತರ್ ಡುಫ್ಲೊ ಮತ್ತು ಅವರ ಸಹ ಸಂಶೋಧಕಿ ಪೆಟಿಯಾ ಟೋಪಲೋವಾ ಆ ಮಾಹಿತಿಯನ್ನು ಪರಿಶೀಲಿಸಿದರು. ಮೀಸಲಾತಿಯಿಂದಾಗಿ ಮಹಿಳೆ ಅಧ್ಯಕ್ಷರಾಗಿದ್ದ ಪಂಚಾಯತ್‌ಗಳನ್ನೂ ಹಾಗಲ್ಲದವುಗಳನ್ನೂ ಅವರು ಹೋಲಿಸಿದರು. ಮಹಿಳೆಯರು ಅಧ್ಯಕ್ಷರಾಗಿದ್ದಲ್ಲಿ ಸೌಲಭ್ಯಗಳು ಹೆಚ್ಚಿದ್ದವು, ಅವುಗಳ ಗುಣಮಟ್ಟ ಉಳಿದ ಕಡೆಗಳಿಗಿಂತ ಕಡಿಮೆಯೇನೂ ಇರಲಿಲ್ಲ. ಲಂಚ ಕೊಡಬೇಕಾಯಿತೆಂದು ಹೇಳಿದವರೂ ಅಲ್ಲಿ ಕಡಿಮೆ. ಹಾಗಿದ್ದೂ ಆ ಹಳ್ಳಿಗಳ ಜನರೇ ಹೆಚ್ಚು ಅತೃಪ್ತರಾಗಿದ್ದರು! ಪಂಚಾಯತ್‌ನ ವ್ಯಾಪ್ತಿಗೇ ಬಾರದ ಸೇವೆಗಳ ಬಗೆಗಿನ ಅಸಮಾಧಾನವೂ ಅಲ್ಲಿ ಹೆಚ್ಚಿತ್ತು. ನಳ್ಳಿಯಲ್ಲಿ ನೀರು ಬರುತ್ತಿದೆ, ಲಂಚ ಕೇಳುವವರಿಲ್ಲ, ಆದರೂ ಅಧ್ಯಕ್ಷೆ ಸರಿಯಿಲ್ಲ.

ಪಶ್ಚಿಮ ಬಂಗಾಳದಲ್ಲಿ ನಡೆದ ಇನ್ನೊಂದು ಅಧ್ಯಯನವಂತೂ ಕನ್ನಡಿ ಹಿಡಿದಂತಿದೆ. ಗ್ರಾಮಸಭೆಯಲ್ಲಿ ಜನಪ್ರತಿನಿಧಿಯೊಬ್ಬರು ಆಡುವ ಮಾತುಗಳನ್ನು ಧ್ವನಿಮುದ್ರಿಸಿ ಹಳ್ಳಿಗರಿಗೆ ಕೇಳಿಸಲಾಯಿತು. ಕೆಲವರಿಗೆ ಪುರುಷನ ಧ್ವನಿಯಲ್ಲಿ, ಕೆಲವರಿಗೆ ಮಹಿಳೆಯ ಧ್ವನಿಯಲ್ಲಿ. ಮಾತು ಒಂದೇ, ಅಕ್ಷರವೂ ಬದಲಾಗಿರಲಿಲ್ಲ. ಮಹಿಳೆಯ ಆಡಳಿತವನ್ನು ಎಂದೂ ಕಾಣದ ಹಳ್ಳಿಗಳಲ್ಲಿ ಪುರುಷರು ಆ ಹೆಣ್ಣು ಧ್ವನಿಯನ್ನು ಅಸಮರ್ಥವೆಂದು ಕೆಳಗಿಟ್ಟರು. ಮಹಿಳಾ ಅಧ್ಯಕ್ಷರ ಆಡಳಿತವನ್ನು ಕಂಡಿದ್ದ ಹಳ್ಳಿಗಳಲ್ಲಿ ಈ ಅಂತರ ಇಲ್ಲವಾಗಿತ್ತು. ಅಂದರೆ ನಮ್ಮ ತೀರ್ಪು ಆಕೆಯ ಕೆಲಸದಿಂದ ಹುಟ್ಟಿದ್ದಲ್ಲ, ಆಕೆ ಬಾಯಿ ತೆರೆಯುವ ಮೊದಲೇ ಸಿದ್ಧವಾಗಿತ್ತು.

ಪವಿತ್ರ ಕುರ್‌ಆನ್ ಊಹೆಗಳಿಂದ ದೂರವಿರಬೇಕೆಂದು, ಕೆಲವು ಊಹೆಗಳು ಪಾಪವೇ ಆಗಿರುತ್ತವೆಂದು ಎಚ್ಚರಿಸಿದ್ದು (ಅಲ್ ಹುಜುರಾತ್: 12) ಇಂಥ ಮನಸ್ಥಿತಿಯನ್ನೇ ಅಲ್ಲವೇ? ಅದೇ ಅಧ್ಯಾಯದ ಆರನೇ ಸೂಕ್ತವು ಸುದ್ದಿ ತಂದವನ ಮಾತನ್ನು ಪರಿಶೀಲಿಸದೆ ಯಾರಿಗೂ ಹಾನಿಯೆಸಗಬಾರದೆನ್ನುತ್ತದೆ. ರಾಜಕೀಯದಲ್ಲಿರುವ ಮಹಿಳೆಯ ವಿಷಯದಲ್ಲಿ ಈ ಹಾನಿ ಇಮ್ಮಡಿಯಾಗುತ್ತದೆ. ಪುರುಷನ ಮೇಲೆ ಹಣದ ಆರೋಪ ಬಂದರೆ ಅದು ಹಣದ ಆರೋಪವಾಗಿಯೇ ಉಳಿಯುತ್ತದೆ. ಮಹಿಳೆಯ ಮೇಲೆ ಬಂದರೆ ಅದು ಸಂಜೆಯೊಳಗೆ ಆಕೆಯ ಶೀಲದ ಮಾತಾಗಿ ಮಾರ್ಪಡುತ್ತದೆ: ಟಿಕೆಟ್ ಹೇಗೆ ಸಿಕ್ಕಿತು, ಯಾರ ಶಿಫಾರಸು, ಯಾರ ಕಾರಿನಲ್ಲಿ ಬಂದಳು? ಹಝ್ರತ್ ಆಯಿಶಾ(ರ)ರ ಮೇಲೆ ಕಪಟ ವಿಶ್ವಾಸಿಗಳು ಅಪವಾದ ಹೊರಿಸಿದ ಸಂದರ್ಭದಲ್ಲಿ, ಅದನ್ನು ಕೇಳಿದೊಡನೆ ಒಳಿತನ್ನೇಕೆ ಭಾವಿಸಲಿಲ್ಲವೆಂದು ಅಲ್ಲಾಹನು ಸತ್ಯವಿಶ್ವಾಸಿಗಳನ್ನೇ ಪ್ರಶ್ನಿಸಿದನು (ಅನ್ನೂರ್: 12). ಆ ಪ್ರಶ್ನೆ ಸತ್ಯವಿಶ್ವಾಸಿ ಪುರುಷರನ್ನೂ ಸ್ತ್ರೀಯರನ್ನೂ ಬೇರೆ ಬೇರೆಯಾಗಿ ಹೆಸರಿಸುತ್ತದೆ. ಇಂದು ಸುದ್ದಿ ಹರಡುವ ವಾಟ್ಸಾಪ್ ಗುಂಪುಗಳಲ್ಲಿ ನಮ್ಮ ಗುಂಪುಗಳೂ ಇವೆ, ನಮ್ಮ ಸಹೋದರಿಯರ ಗುಂಪುಗಳೂ ಇವೆ.

ಮಹಿಳೆಯರನ್ನು ಪಂಚಾಯತ್‌ಗಳಿಗೆ ತಂದ ಚರಿತ್ರೆಯಲ್ಲಿ ಕರ್ನಾಟಕಕ್ಕೆ, ಅದರಲ್ಲೂ ಓರ್ವ ಕನ್ನಡಿಗ ಮುಸ್ಲಿಮ್‌ ರಾಜಕಾರಣಿಗೆ ದೊಡ್ಡ ಪಾಲಿದೆ. ಅಬ್ದುಲ್ ನಝೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ರೂಪುಗೊಂಡ 1983ರ ಕಾಯ್ದೆಯು ಶೇ. 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿರಿಸಿತು, 1987ರಲ್ಲಿ ಅದರಂತೆ ಚುನಾವಣೆಯೂ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿ ಬಂದದ್ದು ಆ ಬಳಿಕ. ಊರೂರಿಗೆ ಕೊಳವೆ ಬಾವಿ ಕೊಟ್ಟ ಅವರನ್ನು ಜನ ‘ನೀರ್ ಸಾಬ್’ ಎಂದು ಕರೆದರು. ಮಹಿಳೆಯರಿಗೆ ಅವರು ತೆರೆದ ಬಾಗಿಲನ್ನು ನೆನೆಯುವವರು ಕಡಿಮೆ, ನಮ್ಮ ಸಮುದಾಯದಲ್ಲಂತೂ ಇನ್ನೂ ಕಡಿಮೆ. ಇಂದು ಕರ್ನಾಟಕದ ಪಂಚಾಯತ್‌ಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗಿವೆ. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೇ ಒಂದು ಪಾಲನ್ನು ಮೀಸಲಿಡುವ ತಿದ್ದುಪಡಿಯನ್ನು ಸಂಸತ್ತು 2023ರ ಸೆಪ್ಟೆಂಬರ್‌ನಲ್ಲಿ ಅಂಗೀಕರಿಸಿದೆ.

ಆದರೆ ಬಾಗಿಲಿನೊಳಗೆ ಹೋದವರು ಯಾರು? ಮಹಿಳಾ ಮೀಸಲು ವಾರ್ಡಿನಲ್ಲಿ ಪತ್ನಿಯ ಹೆಸರಿನಲ್ಲಿ ನಾಮಪತ್ರ, ಭಿತ್ತಿಪತ್ರದಲ್ಲಿ ಆಕೆಯ ಫೋಟೊಕ್ಕಿಂತ ದೊಡ್ಡದಾಗಿ ಪತಿಯ ಫೋಟೊ, ಗೆದ್ದ ಬಳಿಕ ಆಕೆ ಅಡುಗೆ ಮನೆಯಲ್ಲಿ, ಆತ ಪಂಚಾಯತ್ ಕಚೇರಿಯಲ್ಲಿ. ಕಡತ ಮನೆಗೆ ಬರುತ್ತದೆ, ‘ಇಲ್ಲೊಂದು ಸಹಿ ಹಾಕು’ ಎಂಬ ಮಾತಿನೊಂದಿಗೆ ಪೆನ್ನು ಬರುತ್ತದೆ. ಹಣ ದುರುಪಯೋಗವಾದಾಗ ನೋಟಿಸ್ ಬರುವುದು ಮಾತ್ರ ಆಕೆಯ ಹೆಸರಿಗೆ. ಊರಿನವರು ಆಡುವುದೂ ಆಕೆಯನ್ನೇ: ಹೆಂಗಸಿಗೆ ಅಧಿಕಾರ ಕೊಟ್ಟರೆ ಹೀಗೆಯೇ. ಈ ಮಾತಿನಲ್ಲಿ ಕದ್ದವನ ಹೆಸರೇ ಇಲ್ಲ. ಇಂಥ ಮನೆಗಳು ನಮ್ಮ ಮೊಹಲ್ಲಾಗಳಲ್ಲಿಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ.

ಇಲ್ಲಿ ನಾವು ಆಕೆಯನ್ನು ಅಬಲೆಯೆಂದು ಬಿಟ್ಟುಬಿಡಲೂ ಸಾಧ್ಯವಿಲ್ಲ. ಅಮಾನತ್‌ಗಳನ್ನು ಅವುಗಳ ಹಕ್ಕುದಾರರಿಗೆ ಒಪ್ಪಿಸಬೇಕೆಂಬ ಆಜ್ಞೆ (ಅನ್ನಿಸಾ: 58) ಸಹಿ ಮಾಡುವ ಕೈಗೆ ನೇರವಾಗಿ ಅನ್ವಯಿಸುತ್ತದೆ. ಜನರು ಓಟು ಕೊಟ್ಟದ್ದು ಆಕೆಗೆ. ಅದನ್ನು ಪತಿಗೆ ದಾಟಿಸುವ ಅಧಿಕಾರ ಆಕೆಗಿಲ್ಲ, ಕಿತ್ತುಕೊಳ್ಳುವ ಅಧಿಕಾರ ಆತನಿಗೂ ಇಲ್ಲ. ‘ಅತ್ತಹ್ರೀಮ್’ ಅಧ್ಯಾಯದ ಕೊನೆಯಲ್ಲಿ ಅಲ್ಲಾಹನು ಕೊಟ್ಟ ಉದಾಹರಣೆಗಳನ್ನು ಗಮನಿಸಿರಿ. ಇಬ್ಬರು ಪ್ರವಾದಿಗಳಾದ ನೂಹ್(ಅ) ಮತ್ತು ಲೂತ್(ಅ)ರ ಪತ್ನಿಯರಿಗೆ ಪತಿಯ ಸ್ಥಾನ ನೆರವಾಗಲಿಲ್ಲ. ಫಿರ್‌ಔನನಂಥ ಮಹಾ ಸರ್ವಾಧಿಕಾರಿಯ ಪತ್ನಿಗೆ ಪತಿಯ ಪಾಪ ಅಂಟಲಿಲ್ಲ. ಆಕೆ ಆ ಅರಮನೆಯಲ್ಲಿದ್ದುಕೊಂಡೇ ಫಿರ್‌ಔನನಿಂದಲೂ ಆತನ ಕರ್ಮಗಳಿಂದಲೂ ತನ್ನನ್ನು ಪಾರುಮಾಡಬೇಕೆಂದು ಪ್ರಾರ್ಥಿಸಿದಳು. ಅಲ್ಲಾಹನು ಆಕೆಯನ್ನು ಸ್ತ್ರೀಯರಿಗೆ ಮಾತ್ರವಲ್ಲ, ಸತ್ಯವಿಶ್ವಾಸಿಗಳೆಲ್ಲರಿಗೂ ಮಾದರಿಯೆಂದು ಮುಂದಿಟ್ಟನು. ಪುರುಷರಿಗೂ ಆಕೆ ಮಾದರಿ ಎಂಬುದು ನಮ್ಮ ಪ್ರವಚನಗಳಲ್ಲಿ ಏಕೋ ಹೆಚ್ಚು ಕೇಳಿಬರುವುದಿಲ್ಲ.

ಸಬಾದ ರಾಣಿಯ ಪ್ರಸಂಗವೂ (ಅನ್ನಮ್ಲ್: 22-44) ಹೀಗೆಯೇ. ಕುರ್‌ಆನ್ ಆಕೆಯ ಸಿಂಹಾಸನವನ್ನು ಹೆಸರಿಸಿತು, ಆಸ್ಥಾನದವರೊಂದಿಗೆ ಆಕೆ ನಡೆಸಿದ ಸಮಾಲೋಚನೆಯನ್ನು ವಿವರಿಸಿತು, ಆದರೆ ಒಡವೆಗಳನ್ನು ಎಣಿಸಲಿಲ್ಲ. ಆಕೆ ಕಳುಹಿಸಿದ ಉಡುಗೊರೆಯನ್ನು ಪ್ರವಾದಿ ಸುಲೈಮಾನ್(ಅ) ಮರಳಿಸಿದರು. ಆಕೆಯ ತಪ್ಪೆಂದು ಕುರ್‌ಆನ್ ಗುರುತಿಸಿದ್ದು ಸೂರ್ಯಾರಾಧನೆಯನ್ನು, ಹೆಣ್ಣಾಗಿರುವುದನ್ನಲ್ಲ. ಪರ್ಷಿಯಾದ ಜನರು ರಾಜಪುತ್ರಿಯನ್ನು ಸಿಂಹಾಸನಕ್ಕೇರಿಸಿದ ಸಂದರ್ಭದ ಹದೀಸ್ ಅನ್ನು ಇಲ್ಲಿ ಕೆಲವರು ನೆನಪಿಸಬಹುದು. ಅದರ ವ್ಯಾಪ್ತಿ ಎಷ್ಟೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯಗಳಿವೆ. ಅದೇನೇ ಇದ್ದರೂ ಹೆಣ್ಣು ಅಪ್ರಾಮಾಣಿಕಳೆಂಬ ಅರ್ಥ ಅದರಲ್ಲಿಲ್ಲ.

ಇನ್ನೊಂದು ನೆಪವಿದೆ, ಬಹುಶಃ ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಓಡಾಡುವುದು ಅದುವೇ. ‘ಮನುಷ್ಯ ಒಳ್ಳೆಯವನೇ, ಹೆಂಡತಿಯ ಆಸೆ ಅವನನ್ನು ಕೆಡಿಸಿತು.’ ‘ಮೂವರು ಹೆಣ್ಣುಮಕ್ಕಳು, ಮದುವೆ ಮಾಡಿಸಬೇಕಲ್ಲ, ತಿನ್ನದೆ ಏನು ಮಾಡಿಯಾನು?’ ಲಂಚ ಮುಟ್ಟಿದ್ದು ಪುರುಷನ ಕೈ, ಅಪರಾಧಿ ಅಡುಗೆ ಮನೆಯಲ್ಲಿರುವ ಹೆಣ್ಣು! ಮಗಳ ವರದಕ್ಷಿಣೆಗೆಂದು ಲಂಚ ತಿಂದವನು ಮಗನ ಮದುವೆಯಲ್ಲಿ ವರದಕ್ಷಿಣೆ ತೆಗೆದುಕೊಳ್ಳುವುದನ್ನೂ ನಾವು ಕಂಡಿದ್ದೇವೆ. ಆಗ ಯಾರ ಆಸೆ?

ಪ್ರವಾದಿ(ಸ)ರು ಅಝ್ದ್ ಗೋತ್ರದ ಇಬ್ನುಲ್ಲುತ್ಬಿಯ್ಯ ಎಂಬವರನ್ನು ಝಕಾತ್ ಸಂಗ್ರಹಕ್ಕೆ ಕಳುಹಿಸಿದ್ದರು. ಮರಳಿ ಬಂದವರು, ಇದು ನಿಮ್ಮದು, ಇದು ನನಗೆ ಸಿಕ್ಕಿದ ಉಡುಗೊರೆ ಎಂದರು. ಪ್ರವಾದಿ(ಸ)ರು ಮಿಂಬರ್ ಏರಿ, ಆತ ತನ್ನ ತಂದೆ-ತಾಯಿಯ ಮನೆಯಲ್ಲಿ ಕುಳಿತಿದ್ದರೆ ಈ ಉಡುಗೊರೆ ಬರುತ್ತಿತ್ತೇ ಎಂದು ಜನರೆದುರು ಪ್ರಶ್ನಿಸಿದರು (ಬುಖಾರಿ, ಮುಸ್ಲಿಮ್). ಆತನ ಪತ್ನಿ ಒಡವೆ ಕೇಳಿದ್ದಳೇ ಎಂದು ಯಾರೂ ವಿಚಾರಿಸಲಿಲ್ಲ. ಹುದ್ದೆ ಆತನದು, ಉತ್ತರವೂ ಆತನದೇ. ಇನ್ನು, ಮನೆಯ ಹೆಣ್ಣು ಎಷ್ಟು ದೃಢವಾಗಿ ನಿಲ್ಲಬಲ್ಲಳೆಂಬುದಕ್ಕೆ ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝ್(ರ)ರ ಪತ್ನಿ ಫಾತಿಮಾರನ್ನು ಇತಿಹಾಸ ನಮ್ಮ ಮುಂದಿಡುತ್ತದೆ. ಖಲೀಫರ ಮಗಳಾಗಿದ್ದ ಅವರಿಗೆ ತಂದೆ ಅಮೂಲ್ಯ ಆಭರಣ ಕೊಟ್ಟಿದ್ದರು. ಒಂದೋ ಅದನ್ನು ಬೈತುಲ್‌ಮಾಲ್‌ಗೆ ಒಪ್ಪಿಸು, ಇಲ್ಲವೇ ನನ್ನಿಂದ ಬೇರ್ಪಡು ಎಂದು ಪತಿ ಹೇಳಿದಾಗ ಅವರು ಆಭರಣವನ್ನು ಒಪ್ಪಿಸಿದರು. ಪತಿಯ ಮರಣಾನಂತರ ಖಲೀಫರಾದ ಅವರ ಸಹೋದರ ಅದನ್ನು ಮರಳಿ ಕೊಡಲು ಬಂದಾಗ, ಪತಿ ಬದುಕಿದ್ದಾಗ ಸಂತೋಷದಿಂದ ಬಿಟ್ಟದ್ದನ್ನು ಮರಣದ ಬಳಿಕ ಮುಟ್ಟಲಾರೆನೆಂದು ನಿರಾಕರಿಸಿದರು. ಎರಡನೆಯ ಸಲ ಅವರ ಮೇಲೆ ಯಾರ ಒತ್ತಡವೂ ಇರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ತಪ್ಪಿತಸ್ಥೆ ಹೆಣ್ಣೆಂಬ ಕಾರಣಕ್ಕೆ ಶಿಕ್ಷೆಯನ್ನು ಸಡಿಲಿಸಬೇಕೆಂದು ನಾವು ಹೇಳುತ್ತಿಲ್ಲ. ಲಂಚ ಕೊಡುವವರನ್ನೂ ಪಡೆಯುವವರನ್ನೂ ಪ್ರವಾದಿ(ಸ)ರು ಶಪಿಸಿದಾಗ ಅದರಲ್ಲಿ ಹೆಣ್ಣಿಗೆ ರಿಯಾಯಿತಿ ಇರಲಿಲ್ಲ. ಮಕ್ಕಾ ವಿಜಯದ ಕಾಲದಲ್ಲಿ ಕುರೈಶರ ಪ್ರತಿಷ್ಠಿತ ಮಖ್‌ಝೂಮ್ ಗೋತ್ರದ ಓರ್ವ ಮಹಿಳೆ ಕಳ್ಳತನದಲ್ಲಿ ಸಿಕ್ಕಿಬಿದ್ದಳು. ದೊಡ್ಡ ಮನೆತನದ ಮಾನ ಹೋಗುವುದೆಂದು ಚಿಂತೆಗೊಳಗಾದ ಜನರು ಪ್ರವಾದಿ(ಸ)ರಿಗೆ ಪ್ರಿಯರಾದ ಉಸಾಮಾ(ರ)ರನ್ನು ಶಿಫಾರಸಿಗೆ ಕಳುಹಿಸಿದರು. ಪ್ರವಾದಿ(ಸ)ರ ಮುಖ ಕೆಂಪೇರಿತು. ನಿಮಗಿಂತ ಹಿಂದಿನವರು ನಾಶವಾದದ್ದು, ಪ್ರತಿಷ್ಠಿತರು ಕದ್ದಾಗ ಬಿಟ್ಟುಬಿಟ್ಟು ದುರ್ಬಲರು ಕದ್ದಾಗ ಶಿಕ್ಷಿಸಿದ್ದರಿಂದಲೇ ಎಂದರು. ತನ್ನ ಮಗಳು ಫಾತಿಮಾಳೇ ಕದ್ದಿದ್ದರೂ ಶಿಕ್ಷೆ ತಪ್ಪದೆಂದು ಆಣೆಯಿಟ್ಟು ಹೇಳಿದರು. ಪ್ರವಾದಿ(ಸ)ರ ಆ ಇಡೀ ಭಾಷಣದಲ್ಲಿ ‘ಹೆಣ್ಣು’ ಒಂದು ವಿಷಯವಾಗಿಯೇ ಬರಲಿಲ್ಲ. ಅವರು ಬೆರಳು ತೋರಿಸಿದ್ದು ಶಿಫಾರಸಿನ ಕಡೆಗೆ, ಮನೆತನದ ಕಡೆಗೆ, ಒಬ್ಬೊಬ್ಬರಿಗೊಂದು ತಕ್ಕಡಿ ಹಿಡಿಯುವ ಸಮಾಜದ ಕಡೆಗೆ.

ಈ ಘಟನೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಹದೀಸ್‌ನಲ್ಲಿ ಇನ್ನೂ ಸ್ವಲ್ಪ ಇದೆ. ಶಿಕ್ಷೆಯ ಬಳಿಕ ಆ ಮಹಿಳೆ ಪ್ರಾಮಾಣಿಕವಾಗಿ ಪಶ್ಚಾತ್ತಾಪಪಟ್ಟಳು, ಆಕೆಯ ವಿವಾಹವೂ ಆಯಿತು. ಆಮೇಲೆ ಆಕೆ ತನ್ನ ಬಳಿಗೆ ಬರುತ್ತಿದ್ದಳೆಂದೂ ಆಕೆಯ ಅಗತ್ಯಗಳನ್ನು ತಾನು ಪ್ರವಾದಿ(ಸ)ರಿಗೆ ತಲುಪಿಸುತ್ತಿದ್ದೆನೆಂದೂ ಹಝ್ರತ್ ಆಯಿಶಾ(ರ) ಹೇಳಿದ್ದಾರೆ.